ವಿದ್ಯಾರ್ಥಿನಿಯರೂ ಶಿಶುಪಾಲನೆಯ ಕೆಲಸವೂ

ಕೂಸನ್ನು ನೋಡಿಕೊಳ್ಳುವುದೂ ಒಂದು ಉದ್ಯೋಗವೇ ಎಂದು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮನೆಯಲ್ಲಿ ಅಜ್ಜಿಯೋ, ದೊಡ್ಡಮ್ಮನೋ, ಮದುವೆಯಾಗದ ಅತ್ತೆಯೋ ಇದ್ದು, ತೊಟ್ಟಿಲು ತೂಗುವುದಕ್ಕೆ ಕೈಗಳಿಗೆ ಬರವಿಲ್ಲದ ಕಾಲದಲ್ಲಿ ಈ ಪ್ರಶ್ನೆಗೆ ಅರ್ಥವಿದ್ದಿತು. ಈಗ ದಂಪತಿಗಳಿಬ್ಬರೂ ಕೆಲಸಕ್ಕೆ ಹೋಗುವ ಸಂಸಾರಗಳು ಮೈಸೂರಿನಲ್ಲಿ ಮಾತ್ರವಲ್ಲ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲಿಯೂ ಕಾಣಸಿಗುತ್ತವೆ. ಇತ್ತ ಹಳ್ಳಿಗಳಿಂದ ಬಸ್ಸು ಹತ್ತಿ ಕಾಲೇಜಿಗೆ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಗೆ ಪುಸ್ತಕಕ್ಕೂ ಪರೀಕ್ಷೆಯ ಶುಲ್ಕಕ್ಕೂ ಹಣದ ಮುಗ್ಗಟ್ಟು. ಒಂದು ಮನೆಯ ಕೊರತೆಯು ಇನ್ನೊಂದು ಮನೆಯ ಕೊರತೆಯನ್ನು ನೀಗಿಸಬಹುದೆಂಬುದು ಈಚೆಗೆ ಕೆಲವರಿಗೆ ಹೊಳೆದಿದೆ. ಈ ವಿಷಯದಲ್ಲಿ ವಿದ್ಯಾರ್ಥಿನಿಯರಿಗೂ, ಅವರನ್ನು ಕರೆಸಿಕೊಳ್ಳುವ ಗೃಹಸ್ಥರಿಗೂ ನಾಲ್ಕು ಮಾತುಗಳನ್ನು ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಓದುವವರು ಪರರ ಮನೆಯಲ್ಲಿ ದುಡಿದು ಓದುವುದು ನಮಗೆ ಹೊಸತಲ್ಲ. ಹಿಂದೆ ಮೈಸೂರಿನಲ್ಲಿ ವಾರಾನ್ನದ ಹುಡುಗರಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಓದಿದವರು ಮುಂದೆ ದೊಡ್ಡ ದೊಡ್ಡ ಹುದ್ದೆಗಳನ್ನು ಏರಿದರು. ಆ ಅನ್ನದ ಔದಾರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರಲ್ಲಿ ಎರಡು ಕುಂದುಗಳಿದ್ದುವು. ಬಹುಮಟ್ಟಿಗೆ ಅದು ಬ್ರಾಹ್ಮಣರ ಮನೆಯ ಗಂಡುಹುಡುಗರಿಗೆ ಮಾತ್ರ ತೆರೆದಿದ್ದ ಬಾಗಿಲು, ಇದು ಮೊದಲನೆಯದು. ಅಲ್ಲಿ ಲೆಕ್ಕವೆಂಬುದೇ ಇರಲಿಲ್ಲ, ಇದು ಎರಡನೆಯದು. ಉಂಡ ಹುಡುಗನು ನೀರು ಸೇದಬೇಕೇ, ಅಂಗಡಿಗೆ ಹೋಗಬೇಕೇ, ಅಳುವ ಮಗುವನ್ನು ಎತ್ತಿಕೊಂಡು ಬೀದಿಯಲ್ಲಿ ತಿರುಗಬೇಕೇ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಋಣದ ಭಾರವೇ ಅವನಿಂದ ಅದನ್ನೆಲ್ಲ ಮಾಡಿಸುತ್ತಿತ್ತು. ಈಗಿನ ಹುಡುಗಿಯು ಕೂಸು ನೋಡಿಕೊಳ್ಳುವ ಕೆಲಸಕ್ಕೆ ಹೊರಡುವಾಗ ಆ ಹಳೆಯ ಮೌನವು ಅವಳ ಹಿಂದೆಯೇ ಹೋಗಬಾರದು.

ನಮ್ಮ ಗುರುಪುರದ ಸುತ್ತಿನ ಸ್ಥಿತಿಯನ್ನು ನೋಡಿರಿ. ಇದು ಹೊಗೆಸೊಪ್ಪಿನ ಸೀಮೆ. ಮುಂಗಾರಿನಲ್ಲಿ ಸಸಿ ನೆಟ್ಟ ಮೇಲೆ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸಿ ಬೆಂಕಿ ಕಾಯುವುದು ಎಂದು ತಿಂಗಳುಗಟ್ಟಲೆ ಮನೆಮಂದಿಗೆಲ್ಲ ಬಿಡುವಿಲ್ಲ. ಆಗ ಹಸುಗೂಸು ಎಲ್ಲಿರುತ್ತದೆ? ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ, ಇಲ್ಲವೇ ಶಾಲೆ ಬಿಡಿಸಿದ ಅಕ್ಕನ ಸೊಂಟದಲ್ಲಿ. ಇಲ್ಲಿಯೇ ಇರುವ ಟಿಬೆಟನ್ನರ ವಸತಿಯಲ್ಲಿ ಚಳಿಗಾಲ ಬಂದೊಡನೆ ಹಲವರು ಉಣ್ಣೆಯ ಅಂಗಿಗಳನ್ನು ಮಾರಲು ದೂರದ ಪಟ್ಟಣಗಳಿಗೆ ಹೊರಡುತ್ತಾರೆ. ಮೊಮ್ಮಕ್ಕಳು ಅಜ್ಜಅಜ್ಜಿಯರ ವಶವಾಗುತ್ತಾರೆ. ಭಾಷೆಯೂ ವೇಷವೂ ಬೇರೆಯಾದರೂ ತಾಯಿ ದುಡಿಯಲು ಹೋದಾಗ ಕೂಸನ್ನು ನೋಡುವವರು ಯಾರೆಂಬ ಪ್ರಶ್ನೆ ಎರಡು ಕೇರಿಗಳಿಗೂ ಒಂದೇ.

ಸರಕಾರದವರು ಈ ಪ್ರಶ್ನೆಯನ್ನು ಕಾಣದೆ ಇಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳ ಯೋಜನೆಯು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಮೊದಲು ಆರಿಸಲ್ಪಟ್ಟುದು ಇದೇ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಆದರೆ ಅಲ್ಲಿ ದಿನವೆಲ್ಲ ಕುಳಿತು ಆಡಿ ಕಲಿಯುವವರು 3 ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಎಳೆಯವರಿಗಾಗಿ 2023ರ ಆಯವ್ಯಯದಲ್ಲಿ ಗ್ರಾಮಪಂಚಾಯತಿಗಳ ಮಟ್ಟದಲ್ಲಿ 4,000 ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ರಾಜ್ಯ ಸರಕಾರವು ಸಾರಿತು. ಹೆಸರು ಬಹಳ ಚೆನ್ನಾಗಿದೆ. ಆದರೂ ಸಂಜೆ ತರಗತಿ ಮುಗಿಸಿ ಬರುವ ಉಪಾಧ್ಯಾಯಿನಿಗೆ, ಆಸ್ಪತ್ರೆಯ ಪಾಳಿಯಲ್ಲಿರುವ ದಾದಿಗೆ, ಮನೆಯಲ್ಲಿಯೇ ಮೂರು ಗಂಟೆಯ ಹೊತ್ತು ಕೂಸನ್ನು ನೋಡುವ ಒಬ್ಬ ನಂಬಿಕಸ್ಥಳು ಬೇಕಾಗಿಯೇ ಇರುವಳು.

ನಾನು ಬಲ್ಲ ಒಬ್ಬ ಹುಡುಗಿ ಹೀಗೆ ಆರಂಭಿಸಿದಳು. ಬಿ.ಎ. ಎರಡನೆಯ ವರ್ಷ, ತಾಯಿ ಸೊಪ್ಪು ಕಟ್ಟುವ ಕೂಲಿ. ಹುಣಸೂರಿನಲ್ಲಿ ತರಗತಿ ಮುಗಿದ ಮೇಲೆ ಒಬ್ಬ ಉಪಾಧ್ಯಾಯ ದಂಪತಿಗಳ ಹತ್ತು ತಿಂಗಳ ಕೂಸನ್ನು ನೋಡಿಕೊಳ್ಳುವುದು. 2023ರ ಜೂನ್ 11ರಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲದುದರಿಂದ ಬಂದ ಸಂಬಳದಲ್ಲಿ ದಾರಿಯ ಖರ್ಚು ಕಳೆಯುತ್ತಿರಲಿಲ್ಲ. ಆದರೆ ಎರಡನೆಯ ತಿಂಗಳಿಗೆ ಅವಳು ನನ್ನ ಬಳಿಗೆ ಬಂದು, “ಕಾಲೇಜು ಬಿಟ್ಟುಬಿಡಲೇ ಮೇಷ್ಟ್ರೇ?” ಎಂದಳು.

“ಏನಾಯಿತಮ್ಮ?” ಎಂದೆ.

“ಮಗು ಮಲಗಿದಾಗ ಪಾತ್ರೆ ತೊಳಿ ಅಂತಾರೆ. ಆಮೇಲೆ ಬಟ್ಟೆ. ಆರು ಗಂಟೆ ಅಂದಿದ್ದು ಏಳೂವರೆ ಆಗುತ್ತೆ. ಕೊನೇ ಬಸ್ಸು ತಪ್ಪುತ್ತೆ. ಬೆಳಿಗ್ಗೆ ತರಗತೀಲಿ ನಿದ್ದೆ ಬರುತ್ತೆ.”

ಆ ದಂಪತಿಗಳು ಕೆಟ್ಟವರಲ್ಲ. ಮೊದಲ ದಿನ ಯಾರೂ ಏನನ್ನೂ ಗೊತ್ತುಮಾಡಿಕೊಂಡಿರಲಿಲ್ಲ, ಅಷ್ಟೆ. ಅವಳು ಒಂದು ಹಾಳೆಯಲ್ಲಿ ಗಂಟೆಗಳನ್ನು ಬರೆದುಕೊಂಡು ಹೋಗಿ ಆ ತಾಯಿಯೊಡನೆ ಕುಳಿತು ಮಾತಾಡಿದಳು. ದಿನಕ್ಕೆ 3 ಗಂಟೆ, ವಾರಕ್ಕೆ 6 ದಿನವೆಂದರೆ ತಿಂಗಳಿಗೆ ಸುಮಾರು 78 ಗಂಟೆಯಾಗುತ್ತದೆ. “ಸಂಜೆ ಸ್ವಲ್ಪ ಹೊತ್ತು” ಎಂದುಕೊಂಡಿದ್ದ ಆಕೆಗೆ ಈ ಲೆಕ್ಕವು ಆಶ್ಚರ್ಯವನ್ನುಂಟುಮಾಡಿತಂತೆ. ಪಾತ್ರೆಯ ಮಾತು ಅಲ್ಲಿಗೆ ನಿಂತಿತು. ಆರು ಗಂಟೆ ಆರೇ ಆಯಿತು. ಹುಡುಗಿ ಕಾಲೇಜು ಬಿಡಲಿಲ್ಲ.

ಆದುದರಿಂದ ಈ ಕೆಲಸಕ್ಕೆ ಹೊರಡುವವಳು ಮೊದಲ ದಿನ ತಾಯಿಯನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಹೋಗಿ ಮನೆಯನ್ನೂ ಮನೆಯವರನ್ನೂ ನೋಡತಕ್ಕುದು. 18 ವರ್ಷ ತುಂಬಿರುವುದು ಒಳ್ಳೆಯದು. ಬರುವ ಹೊತ್ತು, ಹೋಗುವ ಹೊತ್ತು, ಗಂಟೆಗೆ ಇಷ್ಟೆಂಬ ಹಣ, ಅದನ್ನು ಕೊಡುವ ದಿನ, ಹೊತ್ತು ಮೀರಿದರೆ ಏನು, ಮಗುವಿನ ಕೆಲಸವಲ್ಲದೆ ಬೇರೆ ಕೆಲಸವುಂಟೇ ಎಂಬಿವನ್ನು ಮೊದಲೇ ಮಾತಾಡಿಕೊಳ್ಳಬೇಕು. ತಂದೆತಾಯಿಗಳ ಫೋನಿನ ಸಂಖ್ಯೆ, ನೆರೆಮನೆಯವರ ಸಂಖ್ಯೆ, ಆಂಬುಲೆನ್ಸಿನ 108 ಇವು ಗೋಡೆಯ ಮೇಲೆ ಬರೆದಿರಲಿ. ಅವರು ಬರುವುದಕ್ಕೆ ಮೊದಲು ಕೂಸನ್ನು ಯಾರ ಕೈಗೆ ಕೊಡಬಹುದು, ಯಾರ ಕೈಗೆ ಕೂಡದು ಎಂಬುದನ್ನು ಕೇಳಿಕೊಳ್ಳಬೇಕು. ಕೂಸಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಕಳುಹಿಸುವುದು ಸರ್ವಥಾ ಸಲ್ಲದು. ಅದು ಪರರ ಕೂಸು.

ಇನ್ನು ವಿದ್ಯೆಯ ಮಾತು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೆಂಬುದೂ ಒಂದು. ಶಿಶುಪಾಲನೆಯನ್ನು ನಮ್ಮ ಹಿರಿಯರು ಶಾಸ್ತ್ರವೆಂದೇ ಎಣಿಸಿದ್ದರು. ಕೂಸಿನ ಆಟಿಕೆಗಳು ಬಣ್ಣಬಣ್ಣವಾಗಿ, ಸದ್ದು ಮಾಡುವಂತಿದ್ದು, ಹಗುರವಾಗಿರಬೇಕು, ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಷ್ಟು ಚಿಕ್ಕವಾಗಿರಬಾರದು, ಹೆದರಿಸುವಂತಿರಬಾರದು ಎಂದು ಚರಕಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ಇಂದಿನ ವೈದ್ಯರು ಇದಕ್ಕಿಂತ ಹೆಚ್ಚೇನನ್ನು ಹೇಳುವರು? ಅಳುವ ಅಥವಾ ಉಣ್ಣದ ಮಗುವನ್ನು ರಾಕ್ಷಸ ಪಿಶಾಚಗಳ ಹೆಸರು ಹೇಳಿ ಬೆದರಿಸಕೂಡದೆಂದೂ ಅಲ್ಲಿಯೇ ಇದೆ. ‘ಗುಮ್ಮ ಬಂದ’ ಎಂದು ತುತ್ತು ತುರುಕುವ ನಮ್ಮ ಅಜ್ಜಿಯರು ಚರಕನನ್ನು ಓದಿರಲಿಲ್ಲವೆಂದು ಕಾಣುತ್ತದೆ!

ಬಾಯೊಳಗೆ ಹೋಗುವ ವಸ್ತುವಿನ ಭಯವು ಬರಿಯ ಮಾತಲ್ಲ. ಕಡಲೆಕಾಯಿ ಬೀಜ, ಹುಣಿಸೆ ಬೀಜ, ನಾಣ್ಯ, ಆಟಿಕೆಗಳೊಳಗಿನ ಗುಂಡಿಯಂತಹ ಬ್ಯಾಟರಿ ಇವು ನೆಲದಲ್ಲಿ ಬಿದ್ದಿರಬಾರದು. ವರ್ಷ ತುಂಬದ ಕೂಸಿನ ಗಂಟಲಲ್ಲಿ ಏನಾದರೂ ಸಿಕ್ಕಿ, ಅಳಲೂ ಕೆಮ್ಮಲೂ ಆಗದಿದ್ದರೆ, ಅದನ್ನು ಮುಂದೋಳಿನ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಹಿಡಿದು ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ತಟ್ಟಬೇಕು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಬೇಕು. ಇನ್ನೊಬ್ಬರು 108ಕ್ಕೆ ಕರೆಮಾಡಬೇಕು. ಇದನ್ನು ಓದಿ ಕಲಿತರೆ ಸಾಲದು. ಪ್ರಾಥಮಿಕ ಆರೋಗ್ಯಕೇಂದ್ರದ ದಾದಿಯನ್ನು ಕೇಳಿ, ಗೊಂಬೆಯನ್ನು ಕೈಯಲ್ಲಿಟ್ಟುಕೊಂಡು ಒಂದು ಸಲ ಮಾಡಿ ನೋಡಿರಬೇಕು.

ಆರು ತಿಂಗಳಿನವರೆಗೆ ತಾಯಿಯ ಹಾಲಲ್ಲದೆ ನೀರೂ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನೆಕ್ಕಿಸಬಾರದು. ನಮ್ಮಲ್ಲಿ ಇದು ಮಂಗಳಕರವೆಂಬ ರೂಢಿಯಿದ್ದರೂ ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯು ಎಳೆಯ ಕರುಳಿನಲ್ಲಿ ವಿಷವನ್ನುಂಟುಮಾಡುತ್ತದೆ. ಮಲಗಿಸುವಾಗ ಅಂಗಾತವೇ ಮಲಗಿಸಬೇಕು. ಭೇದಿಯಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ಶುದ್ಧ ನೀರಿನಲ್ಲಿಯೇ ಕಲಸಬೇಕು, ತಂದೆತಾಯಿಗಳಿಗೆ ಒಡನೆ ತಿಳಿಸಬೇಕು. ಮೂರು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಸಂಜೆಯವರೆಗೆ ಕಾಯುವುದಲ್ಲ, ವೈದ್ಯರಲ್ಲಿಗೆ ಹೋಗುವುದು. ಬಚ್ಚಲಿನ ಬಕೆಟ್ಟಿನಲ್ಲಿ ಒಂದು ಗೇಣು ನೀರಿದ್ದರೂ ಅಂಬೆಗಾಲಿಡುವ ಕೂಸಿಗೆ ಅದು ಬಾವಿಯೇ. ನಮ್ಮ ಸೀಮೆಗೆ ಬೇಕಾದ ಮಾತು ಇನ್ನೊಂದಿದೆ: ಹಸಿಯ ಹೊಗೆಸೊಪ್ಪಿನ ಒದ್ದೆಯಿಂದ ನಿಕೋಟಿನ್ ಎಂಬ ವಿಷವು ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಬೆಳಿಗ್ಗೆ ತಾಯಿಗೆ ಸೊಪ್ಪು ಕಟ್ಟಿಕೊಟ್ಟು ಬಂದವಳು ಸಾಬೂನಿನಿಂದ ಕೈತೊಳೆದು, ಬಟ್ಟೆ ಬದಲಾಯಿಸಿ ಅನಂತರ ಕೂಸನ್ನು ಮುಟ್ಟಬೇಕು.

ಗೃಹಸ್ಥರಿಗೆ ಒಂದು ಕಠಿನವಾದ ಮಾತನ್ನು ಹೇಳಬೇಕಾಗಿದೆ. ಹುಡುಗಿಗೆ ಏನು ತಿಳಿದಿದೆಯೆಂದು ಕೇಳುವುದಕ್ಕೆ ಮೊದಲು ಜಾತಿಯನ್ನು ಕೇಳುವವರಿದ್ದಾರೆ. ಕೆಲವರು ನೇರವಾಗಿ ಕೇಳದೆ ಯಾವ ಕೇರಿ, ಮನೆದೇವರು ಯಾವುದು ಎಂದು ಸುತ್ತಿ ಬಳಸಿ ಕೇಳುವರು. ಕೂಸಿಗೆ ಬೇಕಾದುದು ಶುಚಿಯಾದ ಕೈ ಮತ್ತು ಎಚ್ಚರವಾದ ಕಣ್ಣು. ಇವುಗಳನ್ನು ಕೇರಿಯಿಂದ ಗುರುತಿಸಲು ಬರುವುದಿಲ್ಲ. ಬೇಕಾದರೆ ಮೊದಲ ನಾಲ್ಕು ದಿನ ತಾಯಿಯು ಮನೆಯಲ್ಲಿಯೇ ಇದ್ದು ಅವಳು ಕೂಸನ್ನು ಎತ್ತುವ, ಉಣಿಸುವ, ಸಮಾಧಾನಪಡಿಸುವ ರೀತಿಯನ್ನು ನೋಡಲಿ, ಆ ನಾಲ್ಕು ದಿನಕ್ಕೂ ಹಣವನ್ನು ಕೊಡಲಿ. ಕೂಸಿಗೂ ಹೊಸ ಮುಖದ ಪರಿಚಯಕ್ಕೆ ಅಷ್ಟು ದಿನ ಬೇಕು.

ಹೆಣ್ಣುಮಕ್ಕಳ ತಂದೆಗಳಲ್ಲಿ ಕೆಲವರು “ಓದಿಸುತ್ತಿರುವುದು ಆಯಾ ಕೆಲಸಕ್ಕೆಯೇ?” ಎಂದು ಸಿಡುಕುವುದನ್ನು ಕೇಳಿದ್ದೇನೆ. ಮನೆಪಾಠ ಹೇಳಿ ಹಣ ತರುವ ಮಗನ ವಿಷಯದಲ್ಲಿ ಇವರಿಗೆ ಈ ನಾಚಿಕೆಯಿಲ್ಲ. ಮಗನೂ ಬೇಕಾದರೆ ಕೂಸು ನೋಡಲಿ. ತಮ್ಮತಂಗಿಯರನ್ನು ಎತ್ತಿ ಆಡಿಸಿದ ಹುಡುಗರಿಗೆ ಅದೇನು ಬಾರದ ವಿದ್ಯೆಯಲ್ಲ.

ಕಡೆಯದಾಗಿ ಪರೀಕ್ಷೆಯ ವಿಷಯ. ಕಾಲೇಜಿನವರು ಶೇಕಡಾ 75ರಷ್ಟು ಹಾಜರಿಯನ್ನು ಕೇಳುತ್ತಾರೆ; ಆದುದರಿಂದ ತರಗತಿಯ ಹೊತ್ತಿಗೆ ಕೂಸಿನ ಕೆಲಸವನ್ನು ಒಪ್ಪಿಕೊಳ್ಳಬಾರದು. ಪರೀಕ್ಷೆಯ ವೇಳಾಪಟ್ಟಿಯು ಬಂದ ದಿನವೇ ಅದರ ಒಂದು ಪ್ರತಿಯನ್ನು ಆ ಮನೆಯ ತಾಯಿಗೆ ಕೊಡಲಿ. ಆ ವಾರಗಳಲ್ಲಿ ಬರುವುದಕ್ಕೆ ಗೆಳತಿಯೊಬ್ಬಳನ್ನು ಮೊದಲೇ ಗೊತ್ತುಮಾಡಿ, ಒಂದೆರಡು ಸಂಜೆ ತನ್ನೊಡನೆ ಕರೆದುಕೊಂಡು ಹೋಗಿ, ಕೂಸಿಗೆ ಅವಳ ಗುರುತು ಹಿಡಿಸಿರಲಿ. ನಾನು ಮೇಲೆ ಹೇಳಿದ ಹುಡುಗಿಯು ಹೀಗೆಯೇ ಮಾಡಿದಳು. ಆ ಗೆಳತಿಗೆ ಈಗ ಪಕ್ಕದ ಬೀದಿಯಲ್ಲಿ ಒಂದು ಕೂಸು ಸಿಕ್ಕಿದೆ.