‘ರನ್’ ಅಂದ್ರೆ ಬರೀ ಓಡೋದಲ್ಲ!

ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಅರ್ಥ ಇರೋ ಪದ ಯಾವುದು ಗೊತ್ತಾ? ಮೂರೇ ಅಕ್ಷರದ ‘ರನ್’!

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಮೊದಲ ಸ್ಥಾನದಲ್ಲಿತ್ತು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನ ಹಿಂದೆ ಹಾಕ್ತು. ಕ್ರಿಯಾಪದವಾಗಿಯೇ 645 ಅರ್ಥ!

ಗಾಬರಿ ಬೇಡ. ದಿನಬಳಕೆಗೆ ಬೇಕಾಗೋದು ಬೆರಳೆಣಿಕೆಯಷ್ಟು.

‘ಶಿ ರನ್ಸ್ ಎ ಹೋಟೆಲ್’: ಅವರು ಹೋಟೆಲ್ ನಡೆಸ್ತಾರೆ. ಇಲ್ಲಿ ‘ಮ್ಯಾನೇಜಸ್’ ಅಂತಲೂ ಹೇಳಬಹುದು.

‘ದ ಕಾವೇರಿ ರನ್ಸ್ ಈಸ್ಟ್’: ಕಾವೇರಿ ಪೂರ್ವಕ್ಕೆ ಹರೀತಾಳೆ. ಸಮಾನಪದ ‘ಫ್ಲೋಸ್’.

‘ದ ಪಂಪ್ ಈಸ್ ರನ್ನಿಂಗ್’: ಪಂಪ್ ಓಡ್ತಿದೆ. ‘ವರ್ಕಿಂಗ್’ ಅಂದ್ರೂ ಸರಿ.

‘ದ ಕಲರ್ ರಾನ್’: ಒಗೆದಾಗ ಬಟ್ಟೆ ಬಣ್ಣ ಬಿಡ್ತು.

ಚುನಾವಣೆಗೆ ಅಮೆರಿಕದವರು ‘ರನ್’ ಮಾಡ್ತಾರೆ. ಬ್ರಿಟನ್‌ನವರು ‘ಸ್ಟ್ಯಾಂಡ್’ ಅಂತಾರೆ, ನಾವು ‘ನಿಲ್ತಾರೆ’ ಅಂತೀವಲ್ಲ, ಹಾಗೆ.

ಪಕ್ಕದಲ್ಲಿ ಪುಟ್ಟ ಪದ ಸೇರಿದ್ರೆ ಅರ್ಥವೇ ಬೇರೆ. ‘ವಿ ರಾನ್ ಔಟ್ ಆಫ್ ಶುಗರ್’: ಸಕ್ಕರೆ ಮುಗಿದುಹೋಯ್ತು. ‘ಐ ರಾನ್ ಇಂಟು ಮೈ ಟೀಚರ್’: ನಮ್ಮ ಮೇಷ್ಟ್ರು ಅಚಾನಕ್ಕಾಗಿ ಸಿಕ್ಕಿದ್ರು.

ಓಟದಲ್ಲೂ ವ್ಯತ್ಯಾಸ ಇದೆ. ನಿಧಾನಕ್ಕೆ ಓಡಿದ್ರೆ ‘ಜಾಗ್’, ಒಂದೇ ಉಸಿರಿಗೆ ಓಡಿದ್ರೆ ‘ಸ್ಪ್ರಿಂಟ್’.

ಒಂದು ಎಚ್ಚರ: ‘ಐ ಹ್ಯಾವ್ ರಾನ್’ ತಪ್ಪು. ‘ಐ ಹ್ಯಾವ್ ರನ್’ ಸರಿ.

ಅರ್ಥಗಳನ್ನ ಉರು ಹೊಡೀಬೇಡಿ, ವಾಕ್ಯಗಳನ್ನ ಕಲೀರಿ. ನಿಮ್ಮ ಮನೆ, ಅಂಗಡಿ, ಆಫೀಸಿನ ಬಗ್ಗೆ ‘ರನ್’ ಬಳಸಿ ಇವತ್ತೇ ಮೂರು ವಾಕ್ಯ ಬರೀರಿ. ಬರೆದದ್ದನ್ನ ಗಟ್ಟಿಯಾಗಿ ಓದಿ. ಭಾಷೆ ಬಳಸಿದಷ್ಟೂ ನಿಮ್ಮದಾಗುತ್ತೆ.