ಜಿಪ್ ಬಿಚ್ಚದೆಯೇ ವಚನ ಓದುವುದು

ಬಸವಕಲ್ಯಾಣ ಎಂದೊಡನೆ ನೆನಪಾಗುವುದು ವಚನ. ಬಸವಣ್ಣನ ವಚನಗಳನ್ನೆಲ್ಲ ಒಂದೇ ಟೆಕ್ಸ್ಟ್ ಫೈಲಿಗೆ ಸೇರಿಸಿ ಜಿಪ್ ಮಾಡಿದರೆ ಗಾತ್ರ ಬಹಳಷ್ಟು ಇಳಿಯುತ್ತದೆ. ಅದಕ್ಕೊಂದು ಕಾರಣ ಅಂಕಿತದಲ್ಲೇ ಇದೆ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರ, ಕೊಂಬು, ಸೊನ್ನೆ ಎಲ್ಲಕ್ಕೂ ತಲಾ 3 ಬೈಟ್ ಬೇಕು. ‘ಕೂಡಲಸಂಗಮದೇವ’ ಎಂಬಲ್ಲಿ ಅಂಥ 11 ಸಂಕೇತಗಳಿವೆ, ಅಂದರೆ 33 ಬೈಟ್. ಅದೇ ಅಂಕಿತ ಮುಂದಿನ ವಚನದಲ್ಲಿ ಬಂದಾಗ ಜಿಪ್ ಅದನ್ನು ಪೂರ್ತಿ ಬರೆಯದೆ, ‘ಇಷ್ಟು ಬೈಟ್ ಹಿಂದೆ ಹೋಗು, ಇಷ್ಟನ್ನು ಎತ್ತಿಕೋ’ ಎಂಬ ಗುರುತನ್ನಷ್ಟೇ ಇಡುತ್ತದೆ. ಹಾಗೆ 32 ಕಿಲೋಬೈಟ್‌ವರೆಗೆ ಹಿಂದಿರುಗಿ ನೋಡಬಲ್ಲದು. ಲೆಂಪೆಲ್ ಮತ್ತು ಜಿವ್ 1977ರಲ್ಲಿ ಪ್ರಕಟಿಸಿದ ಈ ಉಪಾಯವನ್ನು ಫಿಲ್ ಕಾಟ್ಜ್ 1989ರ ತಮ್ಮ ಜಿಪ್‌ಗೆ ಅಳವಡಿಸಿಕೊಂಡರು.

ಪಕ್ಕದ ಹುಮನಾಬಾದ್‌ನ ಹೆಸರನ್ನೇ ನೋಡಿ. ಇಂಗ್ಲಿಷ್ ಲಿಪಿಯಲ್ಲಿ 8 ಬೈಟ್, ಕನ್ನಡದಲ್ಲಿ 27. ಕುಗ್ಗಿಸುವ ವಿದ್ಯೆಯ ಅಗತ್ಯ ನಮಗೇ ಹೆಚ್ಚು.

ಓದಬೇಕೆಂದರೆ ಮೊದಲು ಫೈಲನ್ನು ಬಿಚ್ಚಿ ಡಿಸ್ಕ್‌ನಲ್ಲಿ ಹರಡಿಕೊಳ್ಳಬೇಕೆಂದು ಹಲವರು ತಿಳಿದಿದ್ದಾರೆ. ಬೇಕಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಜಿಪ್‌ಫೈಲ್’ ಎಂಬ ಮಾಡ್ಯೂಲ್ ಜೊತೆಯಲ್ಲೇ ಬರುತ್ತದೆ. ಜಿಪ್‌ನ ಕೊನೆಯಲ್ಲಿ ಒಳಗಿನ ಫೈಲುಗಳ ಪಟ್ಟಿಯಿದ್ದು, ಯಾವುದು ಎಲ್ಲಿ ಶುರುವಾಗುತ್ತದೆಂದು ಅದು ಹೇಳುತ್ತದೆ. ಹಲವು ವಚನಕಾರರ ಫೈಲುಗಳು ಒಂದೇ ಜಿಪ್‌ನಲ್ಲಿದ್ದರೆ, ಪ್ರೋಗ್ರಾಂ ಆ ಪಟ್ಟಿ ನೋಡಿ ಅಕ್ಕಮಹಾದೇವಿಯ ಫೈಲನ್ನು ಮಾತ್ರ ತೆರೆದು, ಅಲ್ಲಮಪ್ರಭುವಿನದನ್ನು ಮುಟ್ಟದೆಯೇ ಬಿಡಬಹುದು. ಪಠ್ಯ ಮೆಮೊರಿಯಲ್ಲಿ ತುಣುಕು ತುಣುಕಾಗಿ ಬಿಚ್ಚಿಕೊಳ್ಳುತ್ತದೆ, ಡಿಸ್ಕ್‌ಗೆ ಏನೂ ಬೀಳುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡ ವಿದ್ಯಾರ್ಥಿಗೆ ಇದು ದೊಡ್ಡ ಅನುಕೂಲ.

ಕನ್ನಡಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ ಇಲ್ಲಿದೆ. ಜಿಪ್‌ನಿಂದ ಹೊರಬರುವುದು ಬರೀ ಬೈಟ್‌ಗಳು. ಅವನ್ನು 1,000ದಂತೆ ಓದಿಕೊಂಡು ಪ್ರತಿ ತುಣುಕನ್ನೂ ಬೇರೆಬೇರೆಯಾಗಿ ಅಕ್ಷರಕ್ಕೆ ತಿರುಗಿಸಹೊರಟರೆ, 3 ಬೈಟಿನ ಸಂಕೇತವೊಂದು ನಡುವೆಯೇ ಕತ್ತರಿಸಿಹೋಗಿ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ. ತೆರೆದ ಫೈಲನ್ನು ಪೈಥಾನ್‌ನದೇ ‘ಟೆಕ್ಸ್ಟ್‌ಐಓರ್ಯಾಪರ್’ಗೆ ಒಪ್ಪಿಸಿ ಯುಟಿಎಫ್-8 ಎಂದು ಹೇಳಿದರೆ, ಅರ್ಧ ಬಂದ ಸಂಕೇತವನ್ನು ಅದೇ ಹಿಡಿದಿಟ್ಟುಕೊಂಡು ಮುಂದಿನ ತುಣುಕಿಗೆ ಜೋಡಿಸುತ್ತದೆ. ಇಂಗ್ಲಿಷ್ ಪಠ್ಯವನ್ನಷ್ಟೇ ಇಟ್ಟುಕೊಂಡು ಪ್ರೋಗ್ರಾಂ ಪರೀಕ್ಷಿಸುವವರ ಕಣ್ಣಿಗೆ ಈ ತೊಂದರೆ ಬೀಳುವುದೇ ಇಲ್ಲ.

ಜಿಜಿಪ್, ಬಿಜಿಪ್2 ಫೈಲುಗಳಿಗೂ ಪೈಥಾನ್‌ನಲ್ಲಿ ಮಾಡ್ಯೂಲ್‌ಗಳಿವೆ. ಅವುಗಳಲ್ಲಿ ಜಿಪ್‌ನಂಥ ಪಟ್ಟಿ ಇರದ ಕಾರಣ ಸಾಮಾನ್ಯವಾಗಿ ಮೊದಲಿನಿಂದಲೇ ಓದುತ್ತ ಹೋಗಬೇಕು. ಕನ್ನಡ ವಿಕಿಪೀಡಿಯದ ಲೇಖನಗಳೆಲ್ಲ ಬಿಜಿಪ್2 ರೂಪದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಪ್ರೋಗ್ರಾಮಿಂಗ್ ಕಲಿಯುತ್ತಿರುವವರು ಅದನ್ನು ಇಳಿಸಿಕೊಂಡು, ಬಿಚ್ಚದೆ, ಸಾಲುಸಾಲಾಗಿ ಓದಿಸಿ ‘ಬಸವಕಲ್ಯಾಣ’ ಎಷ್ಟು ಸಲ ಬಂದಿದೆಯೆಂದು ಎಣಿಸಿ ನೋಡಲಿ. ಹತ್ತು ಸಾಲಿನ ಪ್ರೋಗ್ರಾಂ ಸಾಕು.