ಮುಂದಿನ ರೈಲು ಎಷ್ಟು ಹೊತ್ತಿಗೆ?

ಪ್ರವಾಹ, ಭೂಕಂಪ, ಚಂಡಮಾರುತ ಬಂದಾಗ ಸರಕಾರಗಳು ತುರ್ತು ಪರಿಸ್ಥಿತಿ ಘೋಷಿಸುವುದನ್ನು ನಾವೆಲ್ಲ ಕೇಳಿದ್ದೇವೆ. ರೈಲುಗಳು ಕೆಟ್ಟು ನಿಲ್ಲುತ್ತಿವೆ, ತಡವಾಗಿ ಬರುತ್ತಿವೆ ಎಂಬ ಕಾರಣಕ್ಕೆ ಹಾಗೆ ಘೋಷಿಸಿದ್ದನ್ನು ಕೇಳಿದ್ದೀರಾ? 2017ರ ಜೂನ್ 29ರಂದು ನ್ಯೂಯಾರ್ಕ್ ರಾಜ್ಯದ ಗವರ್ನರ್ ಆಂಡ್ರ್ಯೂ ಕ್ಯೂಮೊ ಅದನ್ನೇ ಮಾಡಿದರು. ಅದಕ್ಕೆ ಎರಡು ದಿನ ಮೊದಲು ಹಾರ್ಲೆಮ್ ಬಡಾವಣೆಯ ಕೆಳಗಿನ ಸುರಂಗದಲ್ಲಿ ರೈಲೊಂದು ಹಳಿ ತಪ್ಪಿ ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡಿದ್ದರು. ದುರಸ್ತಿಗೆಂದು ಹಳಿಗಳ ನಡುವೆ ತಂದಿಟ್ಟಿದ್ದ ಬಿಡಿ ಹಳಿಯೊಂದನ್ನು ಬಿಗಿದು ಭದ್ರಪಡಿಸಿರಲಿಲ್ಲ. ಅದೇ ಅಪಘಾತಕ್ಕೆ ಕಾರಣವಾಯಿತು. ಜನರ ಸಿಟ್ಟು ಮಾತ್ರ ಆ ಒಂದು ದಿನದ್ದಾಗಿರಲಿಲ್ಲ. ಆ ವರ್ಷ ಕೆಲಸದ ದಿನಗಳಲ್ಲಿ ನೂರು ರೈಲುಗಳ ಪೈಕಿ ಸುಮಾರು 65 ಮಾತ್ರ ಕೊನೆಯ ನಿಲ್ದಾಣವನ್ನು ಸಮಯಕ್ಕೆ ಸರಿಯಾಗಿ ಮುಟ್ಟುತ್ತಿದ್ದವು.

ನಗರ ಸಾರಿಗೆಯ ಕುರಿತ ಚರ್ಚೆಯಲ್ಲಿ ಸಮಯದ ಅಭಾವದಿಂದ ಹೇಳಲಾಗದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸುತ್ತೇನೆ. ನ್ಯೂಯಾರ್ಕನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಒಂದು ರೈಲು ಜಾಲ ಕೆಡುವುದು, ಸುಧಾರಿಸುವುದು, ಮತ್ತೆ ಕೆಡುವುದು, ಈ ಮೂರೂ ಅಲ್ಲಿ ಒಂದೇ ತಲೆಮಾರಿನ ಕಣ್ಣೆದುರು ನಡೆದವು.

ಐದು ಸೆಂಟಿನ ಕಥೆ

ನ್ಯೂಯಾರ್ಕಿನ ಸುರಂಗ ರೈಲು 1904ರ ಅಕ್ಟೋಬರ್ 27ರಂದು ಆರಂಭವಾಯಿತು. ಆಗ ಟಿಕೆಟ್ ದರ ಐದು ಸೆಂಟು. ಮೊದಲ ಮಹಾಯುದ್ಧ ಬಂತು, ಹೋಯಿತು, ಬೆಲೆಗಳೆಲ್ಲ ಏರಿದವು. ರೈಲು ನಡೆಸುತ್ತಿದ್ದ ಖಾಸಗಿ ಕಂಪನಿಗಳು ದರ ಏರಿಸಬೇಕೆಂದು ಕೇಳಿದರೂ ನಗರದ ರಾಜಕಾರಣಿಗಳು ಒಪ್ಪಲಿಲ್ಲ. 1940ರಲ್ಲಿ ನಗರಾಡಳಿತವೇ ಆ ಕಂಪನಿಗಳನ್ನು ಕೊಂಡುಕೊಂಡಿತು. ದರ ಮೊದಲ ಬಾರಿಗೆ ಏರಿದ್ದು 1948ರಲ್ಲಿ. 44 ವರ್ಷ ಒಂದೇ ದರ! ಪ್ರಯಾಣಿಕರಿಗೆ ಇದು ಸಂತೋಷದ ವಿಷಯವೇ. ಆದರೆ ಹಳಿ, ತಂತಿ, ಪಂಪುಗಳಿಗೆ ಈ ಸಂತೋಷ ತಿಳಿಯುವುದಿಲ್ಲ, ಅವು ಸವೆಯುತ್ತಲೇ ಇರುತ್ತವೆ.

ಪಂಪು ಎಂದಾಗ ಒಂದು ಮಾತು. ಮಳೆಯೇ ಇಲ್ಲದ ದಿನವೂ ಈ ಸುರಂಗಗಳಿಂದ ಸುಮಾರು 5 ಕೋಟಿ ಲೀಟರ್ ನೀರನ್ನು ಹೊರಕ್ಕೆ ಎತ್ತಬೇಕು. ಅಂತರ್ಜಲ ಗೋಡೆಗಳ ಮೂಲಕ ಒಸರುತ್ತಲೇ ಇರುತ್ತದೆ. ಪಂಪು ನಿಂತರೆ ಸುರಂಗವೇ ಬಾವಿಯಾಗುತ್ತದೆ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಸಮುದ್ರದ ಉಪ್ಪು ನೀರನ್ನೇ ಒಳಗೆ ನುಗ್ಗಿಸಿದಾಗ, ನೀರನ್ನು ಹೊರಹಾಕಿದ ಮೇಲೂ ಉಪ್ಪು ಉಳಿದು ವರ್ಷಗಟ್ಟಲೆ ಕೇಬಲ್‌ಗಳನ್ನು ತಿನ್ನುತ್ತಾ ಹೋಯಿತು.

1970ರ ದಶಕದಲ್ಲಿ ನಗರವೇ ದಿವಾಳಿಯ ಅಂಚಿಗೆ ಬಂದಾಗ ರೈಲಿನ ದುರಸ್ತಿಯನ್ನು ಮುಂದೂಡಲಾಯಿತು. ಈ ವರ್ಷ ಹಳಿ ಬದಲಿಸದಿದ್ದರೆ ನಾಳೆಯೇ ರೈಲು ನಿಲ್ಲುವುದಿಲ್ಲವಲ್ಲ ಎಂಬ ಲೆಕ್ಕಾಚಾರ. ಕಚೇರಿಯ ಕಡತದಲ್ಲಿ ಇದು ಉಳಿತಾಯವೆಂದು ಕಾಣುತ್ತದೆ. ವಾಸ್ತವದಲ್ಲಿ ಅದೊಂದು ಸಾಲ. ರೈಲು ಎಂಜಿನಿಯರುಗಳು ವಿಶ್ವಾಸಾರ್ಹತೆಯನ್ನು ಅಳೆಯುವ ಒಂದು ಸರಳ ಅಳತೆ ಇದೆ: ಬೋಗಿಯೊಂದು ಒಮ್ಮೆ ಕೆಟ್ಟು ಮತ್ತೊಮ್ಮೆ ಕೆಡುವ ಮುನ್ನ ಸರಾಸರಿ ಎಷ್ಟು ದೂರ ಓಡುತ್ತದೆ ಎಂಬುದು. 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಅದು 7,000 ಮೈಲಿಗಿಂತ ಕಡಿಮೆಯಾಗಿತ್ತು, ಅಂದರೆ ಸುಮಾರು 11,000 ಕಿಲೋಮೀಟರ್. ಪರವಾಗಿಲ್ಲವಲ್ಲ ಎನಿಸುತ್ತದೆಯೇ? ಹತ್ತು ಬೋಗಿಗಳ ರೈಲಿನಲ್ಲಿ ಯಾವುದೇ ಒಂದು ಬೋಗಿ ಕೆಟ್ಟರೂ ರೈಲು ನಿಂತಂತೆಯೇ. ಹಾಗಾಗಿ ಹತ್ತರಿಂದ ಭಾಗಿಸಿ: 1,100 ಕಿಲೋಮೀಟರ್. ಲೆಕ್ಕದ ಅನುಕೂಲಕ್ಕೆ ರೈಲು ದಿನಕ್ಕೆ 250 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ, ಪ್ರತಿಯೊಂದು ರೈಲೂ ನಾಲ್ಕೈದು ದಿನಕ್ಕೊಮ್ಮೆ ಕೆಟ್ಟು ನಿಲ್ಲುತ್ತಿತ್ತು.

1982ರಿಂದ ಹೊಸ ಬಂಡವಾಳ ಹರಿಯತೊಡಗಿತು. ಸಾರಿಗೆ ಪ್ರಾಧಿಕಾರದ ಅಧ್ಯಕ್ಷರಾಗಿದ್ದ ರಿಚರ್ಡ್ ರಾವಿಚ್ ಅದಕ್ಕೆ ದಾರಿ ಮಾಡಿದರು. 1984ರಲ್ಲಿ ಬಂದ ಡೇವಿಡ್ ಗನ್ ಒಂದು ವಿಚಿತ್ರವೆನಿಸುವ ನಿಯಮ ತಂದರು. ಆಗ ಬೋಗಿಗಳ ಒಳಹೊರಗೆಲ್ಲ ಬಣ್ಣದ ಗೀಚುಗಳೇ ತುಂಬಿದ್ದವು. ಒಮ್ಮೆ ಶುಚಿಗೊಳಿಸಿದ ಬೋಗಿಯ ಮೇಲೆ ಮತ್ತೆ ಗೀಚು ಕಂಡರೆ, ಅದನ್ನು ಅಳಿಸುವವರೆಗೆ ಆ ಬೋಗಿ ಓಡಕೂಡದು! ಬ್ರೇಕು, ಮೋಟರು ರಿಪೇರಿಗೇ ಕೈ ಸಾಲದಿರುವಾಗ ಗೋಡೆ ತೊಳೆಯುವುದೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಪ್ರಯಾಣಿಕನಿಗೆ ಬ್ರೇಕು ಕಾಣುವುದಿಲ್ಲ, ಗೋಡೆ ಕಾಣುತ್ತದೆ. ಇಲ್ಲಿ ಯಾರೋ ನೋಡಿಕೊಳ್ಳುವವರಿದ್ದಾರೆ ಎಂಬ ನಂಬಿಕೆ ಅವನಿಗೆ ಹುಟ್ಟುವುದು ಅಲ್ಲಿಂದಲೇ. 1989ರ ಮೇ 12ರಂದು ಗೀಚು ಹೊತ್ತ ಕೊನೆಯ ರೈಲು ಸೇವೆಯಿಂದ ಹೊರಹೋಯಿತು. 2010ರ ಹೊತ್ತಿಗೆ ಎರಡು ಕೆಡುಗಳ ನಡುವಿನ ಸರಾಸರಿ ಓಟ 1,70,000 ಮೈಲಿಯ ಆಸುಪಾಸಿಗೆ ಏರಿತ್ತು. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿ ನೋಡಿ: ನಾಲ್ಕೈದು ದಿನ ಇದ್ದದ್ದು ಮೂರು ತಿಂಗಳಿಗೂ ಹೆಚ್ಚಾಗುತ್ತದೆ. ಜನ ಹಿಂದಿರುಗಿದರು. 2015ರಲ್ಲಿ 176 ಕೋಟಿ ಪ್ರಯಾಣಗಳಾದವು, 1948ರ ನಂತರದ ಅತ್ಯಧಿಕ ಸಂಖ್ಯೆ.

ಕೆಂಪು ದೀಪದ ವಿಜ್ಞಾನ

ಬೋಗಿಗಳು ಇಷ್ಟು ಸುಧಾರಿಸಿದ ಮೇಲೆ 2017 ಏಕೆ ಬಂತು? ಮುಖ್ಯ ಉತ್ತರ ಹಳಿಯ ಪಕ್ಕದ ಸಿಗ್ನಲ್ ವ್ಯವಸ್ಥೆಯಲ್ಲಿದೆ. ಅದರ ಹಲವು ಭಾಗಗಳು 1930ರ ದಶಕದವು.

ಹಳಿಯನ್ನು ವಿದ್ಯುತ್ ನಿರೋಧಕ ಜೋಡಣೆಗಳ ಮೂಲಕ ಸುಮಾರು ಸಾವಿರ ಅಡಿಗಳ ತುಂಡುಗಳಾಗಿ ಭಾಗ ಮಾಡಿರುತ್ತಾರೆ. ಇವಕ್ಕೆ ಬ್ಲಾಕ್ ಎಂದು ಹೆಸರು. ಬ್ಲಾಕಿನ ಒಂದು ತುದಿಯಿಂದ ಎರಡು ಹಳಿಗಳ ಮೂಲಕ ಸಣ್ಣ ವಿದ್ಯುತ್ ಪ್ರವಾಹ ಹರಿದು ಇನ್ನೊಂದು ತುದಿಯ ರಿಲೇ ಎಂಬ ಉಪಕರಣವನ್ನು ಮುಟ್ಟುತ್ತದೆ. ರಿಲೇಯಲ್ಲಿರುವುದು ಶಾಲೆಯ ಪ್ರಯೋಗಾಲಯದಲ್ಲಿ ನೀವು ನೋಡಿದ ವಿದ್ಯುತ್ಕಾಂತವೇ. ಪ್ರವಾಹವಿರುವಷ್ಟು ಕಾಲ ಅದು ಒಂದು ಕಬ್ಬಿಣದ ಪಟ್ಟಿಯನ್ನು ಎತ್ತಿ ಹಿಡಿದಿರುತ್ತದೆ. ಆಗ ಹಸಿರು ದೀಪ. ರೈಲು ಬ್ಲಾಕಿನೊಳಗೆ ಬಂದೊಡನೆ ಅದರ ಗಾಲಿ ಮತ್ತು ಅಚ್ಚುಗಳು ಎರಡು ಹಳಿಗಳನ್ನು ಒಂದುಗೂಡಿಸುತ್ತವೆ. ಪ್ರವಾಹ ಅಲ್ಲಿಯೇ ಹಿಂದಿರುಗುತ್ತದೆ, ರಿಲೇಗೆ ತಲುಪುವುದಿಲ್ಲ, ಪಟ್ಟಿ ಬೀಳುತ್ತದೆ, ಕೆಂಪು ದೀಪ ಹತ್ತುತ್ತದೆ.

ಇದರ ಜಾಣತನ ಗಮನಿಸಿ. ತಂತಿ ತುಂಡಾದರೂ, ವಿದ್ಯುತ್ ಹೋದರೂ, ಹಳಿಯೇ ಮುರಿದರೂ ಪಟ್ಟಿ ಬೀಳುತ್ತದೆ, ಕೆಂಪು ದೀಪವೇ ಬರುತ್ತದೆ. ಯಂತ್ರ ಕೆಟ್ಟರೆ ಸುರಕ್ಷಿತ ದಿಕ್ಕಿಗೆ ಕೆಡಲಿ ಎಂಬುದು ಇದರ ಹಿಂದಿನ ತತ್ವ. ಹಾಗಾಗಿ ಹಳೆಯ ಸಿಗ್ನಲ್ ಸಾಮಾನ್ಯವಾಗಿ ಯಾರನ್ನೂ ಕೊಲ್ಲುವುದಿಲ್ಲ, ನಿಲ್ಲಿಸುತ್ತದೆ. ಸುರಕ್ಷತೆ ಬೇರೆ, ವಿಶ್ವಾಸಾರ್ಹತೆ ಬೇರೆ. ನೂರು ಬಿಡಿ ಭಾಗಗಳಿರುವ ಒಂದು ಮಾರ್ಗದಲ್ಲಿ ಪ್ರತಿ ಭಾಗವೂ ಸಾವಿರ ದಿನಗಳಲ್ಲಿ 999 ದಿನ ಸರಿಯಾಗಿರುತ್ತದೆ ಎನ್ನೋಣ. ನೂರೂ ಒಟ್ಟಿಗೆ ಸರಿಯಿರುವ ಸಂಭವ 0.999ರ ನೂರನೇ ಘಾತ, ಸುಮಾರು 0.90. ಅಂದರೆ ಹತ್ತು ದಿನಕ್ಕೊಮ್ಮೆ ಎಲ್ಲಾದರೊಂದು ಕಡೆ ಕೆಂಪು ದೀಪ. ಭಾಗಗಳು ಐನೂರಾದರೆ 0.61ಕ್ಕೆ ಇಳಿಯುತ್ತದೆ. ಕ್ಯಾಲ್ಕುಲೇಟರ್ ಇದ್ದವರು ಪರೀಕ್ಷಿಸಿ ನೋಡಬಹುದು. ನ್ಯೂಯಾರ್ಕಿನ ಕೆಲವು ರಿಲೇಗಳು ಎಷ್ಟು ಹಳೆಯವೆಂದರೆ, ಅವುಗಳ ಬಿಡಿಭಾಗಗಳನ್ನು ಈಗ ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ. ರೈಲಿನವರು ತಮ್ಮ ವರ್ಕ್‌ಶಾಪಿನಲ್ಲೇ ರಿಪೇರಿ ಮಾಡಿಕೊಳ್ಳಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. 1995ರ ಜೂನ್ 5ರಂದು ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಒಂದು ರೈಲು ಮುಂದೆ ನಿಂತಿದ್ದ ರೈಲಿಗೆ ಹಿಂದಿನಿಂದ ಗುದ್ದಿ ಅದರ ಚಾಲಕ ಸತ್ತ. ಅಲ್ಲಿನ ಸಿಗ್ನಲ್‌ಗಳ ನಡುವಿನ ಅಂತರ 1918ರಲ್ಲಿ ನಿಗದಿಯಾದದ್ದು. ರೈಲುಗಳು ಹಗುರವಾಗಿ, ಗಿಡ್ಡವಾಗಿ, ನಿಧಾನವಾಗಿ ಓಡುತ್ತಿದ್ದ ಕಾಲ ಅದು. ಈಗಿನ ರೈಲು ಬ್ರೇಕು ಹಾಕಿದ ಮೇಲೆ ನಿಲ್ಲಲು ಅಷ್ಟು ಜಾಗ ಸಾಲುತ್ತಿರಲಿಲ್ಲ. ಅಪಘಾತದ ನಂತರ ರೈಲುಗಳ ವೇಗವರ್ಧನೆಯನ್ನು ತಗ್ಗಿಸಲಾಯಿತು. ಜಾಲದ ಉದ್ದಕ್ಕೂ ಟೈಮರ್ ಸಿಗ್ನಲ್‌ಗಳನ್ನು ಹೆಚ್ಚು ಮಾಡಲಾಯಿತು. ರೈಲು ನಿಗದಿತ ಸೆಕೆಂಡುಗಳಿಗಿಂತ ಬೇಗ ಬಂದರೆ ಇವು ಕೆಂಪಾಗಿಯೇ ಇರುತ್ತವೆ. ಅದನ್ನು ದಾಟಿದರೆ ಹಳಿಯ ಪಕ್ಕದ ಕಬ್ಬಿಣದ ತೋಳು ತಾನಾಗಿ ಬ್ರೇಕು ಹಾಕಿಸುತ್ತದೆ. ಮಾಡಿದ್ದು ಸರಿಯೇ. ಆದರೆ ಟೈಮರ್‌ಗಳೂ ಹಳತಾಗುತ್ತವೆ. 2018ರಲ್ಲಿ ಅವುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಇನ್ನೂರಕ್ಕೂ ಹೆಚ್ಚು ಟೈಮರ್‌ಗಳ ಹೊಂದಾಣಿಕೆ ತಪ್ಪಿತ್ತು. ಅನುಮತಿಸಿದ ವೇಗದಲ್ಲೇ ಬಂದರೂ ಅವು ರೈಲನ್ನು ತಡೆಯುತ್ತಿದ್ದವು. ಚಾಲಕರಿಗೆ ಇದು ಅನುಭವದಿಂದ ಗೊತ್ತಿತ್ತು. ಯಾವ ಟೈಮರನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ಅವರು ಎಲ್ಲ ಕಡೆಯೂ ನಿಧಾನಿಸುತ್ತಿದ್ದರು. ನಂಬಿಕೆ ಮೊದಲು ಕಳೆದುಹೋದದ್ದು ಚಾಲಕನ ಕ್ಯಾಬಿನ್ನಿನಲ್ಲಿ, ಪ್ಲಾಟ್‌ಫಾರಂನಲ್ಲಿ ಆಮೇಲೆ ಎಂದು ನನಗನಿಸುತ್ತದೆ.

ಸರಾಸರಿ ಹೇಳದ ಮಾತು

ಇನ್ನು ಪ್ಲಾಟ್‌ಫಾರಂನಲ್ಲಿ ನಿಂತವರ ವಿಷಯ. ಆರು ನಿಮಿಷಕ್ಕೊಂದು ರೈಲು ಬರುತ್ತದೆ ಎನ್ನೋಣ. ನೀವು ಯಾವಾಗಲೋ ಬಂದು ನಿಂತರೆ ಸರಾಸರಿ ಮೂರು ನಿಮಿಷ ಕಾಯುತ್ತೀರಿ. ಈಗ ರೈಲುಗಳ ಸಂಖ್ಯೆ ಅಷ್ಟೇ ಇರಲಿ, ಆದರೆ ಒಂದು ಸಲ 2 ನಿಮಿಷದ ಅಂತರ, ಇನ್ನೊಂದು ಸಲ 10 ನಿಮಿಷದ ಅಂತರ. ಸರಾಸರಿ ಅಂತರ ಆರೇ. ನೀವು ಕಾಯುವ ಸರಾಸರಿ ಮಾತ್ರ ಮೂರಲ್ಲ. 12 ನಿಮಿಷಗಳಲ್ಲಿ 10 ನಿಮಿಷ ದೊಡ್ಡ ಅಂತರಕ್ಕೇ ಸೇರಿರುವುದರಿಂದ ನೀವು ಅದರೊಳಗೆ ಸಿಕ್ಕಿಬೀಳುವ ಸಂಭವ ಆರರಲ್ಲಿ ಐದು. ಅಲ್ಲಿ ಸರಾಸರಿ ಕಾಯುವಿಕೆ 5 ನಿಮಿಷ. ಉಳಿದ ಆರರಲ್ಲಿ ಒಂದು ಪಾಲಿಗೆ 1 ನಿಮಿಷ. ಕೂಡಿಸಿದರೆ 4 ನಿಮಿಷ 20 ಸೆಕೆಂಡು. ಒಂದು ರೈಲೂ ಕಡಿಮೆಯಾಗದೆ ಕಾಯುವ ಹೊತ್ತು ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಯಿತು.

ಅಲ್ಲಿಗೇ ಮುಗಿಯುವುದಿಲ್ಲ. ಹತ್ತು ನಿಮಿಷ ತಡವಾದ ರೈಲಿಗೆ, ಎರಡು ನಿಮಿಷದಲ್ಲಿ ಬಂದ ರೈಲಿಗಿಂತ ಐದು ಪಟ್ಟು ಜನ ಕಾದಿರುತ್ತಾರೆ. ಹತ್ತಿ ಇಳಿಯಲು ಹೊತ್ತು ಹಿಡಿಯುತ್ತದೆ, ಬಾಗಿಲು ಮುಚ್ಚುವುದಿಲ್ಲ, ರೈಲು ಇನ್ನಷ್ಟು ತಡವಾಗುತ್ತದೆ. ಹಿಂದಿನ ರೈಲು ಖಾಲಿಯಾಗಿ ಓಡಿ ಬಂದು ಇದರ ಬಾಲ ಹಿಡಿಯುತ್ತದೆ. ಒಂದು ಸಿಗ್ನಲ್ ಕೆಟ್ಟು ಐದು ನಿಮಿಷದಲ್ಲಿ ಸರಿಯಾದರೂ ಅದರ ಅಲೆ ಗಂಟೆಗಟ್ಟಲೆ ಉಳಿಯುವುದು ಹೀಗೆ. 2017ರಲ್ಲಿ ಅಲ್ಲಿನ ಅಧಿಕೃತ ವರದಿಗಳು ತಡಕ್ಕೆ ಜನದಟ್ಟಣೆಯೇ ದೊಡ್ಡ ಕಾರಣವೆಂದು ಹೇಳುತ್ತಿದ್ದವು. ಪ್ರಯಾಣಿಕರ ಸಂಖ್ಯೆ ಆಗ ಏರುತ್ತಿರಲಿಲ್ಲ. ದಟ್ಟಣೆ ಎಷ್ಟೋ ವೇಳೆ ರೋಗವಲ್ಲ, ರೋಗದ ಲಕ್ಷಣ.

ಅಳತೆಯಲ್ಲೂ ತೊಡಕಿತ್ತು. ಕೊನೆಯ ನಿಲ್ದಾಣಕ್ಕೆ ಐದು ನಿಮಿಷದೊಳಗೆ ಬಂದರೆ ರೈಲು ಸಮಯಕ್ಕೆ ಬಂದಂತೆ. ಆದರೆ ಹೆಚ್ಚಿನವರು ನಡುವೆಯೇ ಹತ್ತಿ ನಡುವೆಯೇ ಇಳಿಯುತ್ತಾರೆ. 2017ರ ಸೆಪ್ಟೆಂಬರ್‌ನಿಂದ ಅಲ್ಲಿ ಪ್ರಯಾಣಿಕ ಪ್ಲಾಟ್‌ಫಾರಂನಲ್ಲಿ ಎಷ್ಟು ಹೊತ್ತು ಹೆಚ್ಚು ನಿಂತ, ರೈಲಿನೊಳಗೆ ಎಷ್ಟು ಹೊತ್ತು ಹೆಚ್ಚು ಕುಳಿತ ಎಂಬ ಅಳತೆಗಳನ್ನೂ ಪ್ರಕಟಿಸತೊಡಗಿದರು. ನನಗೆ ಇದು ಹೊಸ ಬೋಗಿಗಳಷ್ಟೇ ಮುಖ್ಯವೆನಿಸುತ್ತದೆ. ಪರೀಕ್ಷೆಗೋ ಕೆಲಸದ ಸಂದರ್ಶನಕ್ಕೋ ಹೊರಟವನು ಸರಾಸರಿಯನ್ನು ನೋಡಿ ಹೊರಡುವುದಿಲ್ಲ, ಕೆಟ್ಟ ದಿನವನ್ನು ನೆನೆದು ಹೊರಡುತ್ತಾನೆ. ನಲವತ್ತು ನಿಮಿಷದ ದಾರಿಗೆ ಒಂದು ಗಂಟೆ ಮೊದಲೇ ಮನೆ ಬಿಡುತ್ತಾನೆ. ರೈಲು ಸಮಯಕ್ಕೆ ಬಂದ ದಿನವೂ ಆ ಇಪ್ಪತ್ತು ನಿಮಿಷ ಅವನಿಗೆ ನಷ್ಟವೇ. ಯಾವ ವರದಿಯಲ್ಲೂ ಅದು ಕಾಣುವುದಿಲ್ಲ.

ಸುದ್ದಿ ತಿಳಿಸುವುದೂ ಸೇವೆಯ ಭಾಗ. ದೂರದರ್ಶನದಲ್ಲಿ ಪ್ರಸಾರ ಕಡಿದಾಗ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಫಲಕ ಹಾಕುತ್ತಿದ್ದುದನ್ನು ನಿಮ್ಮ ತಂದೆತಾಯಿಗಳು ನೆನೆಯಬಹುದು. ಖಾಲಿ ತೆರೆಗಿಂತ ಆ ಫಲಕ ಎಷ್ಟೋ ಮೇಲು. ನ್ಯೂಯಾರ್ಕಿನ ಎಲ್ಲ ನಿಲ್ದಾಣಗಳಿಗೂ ‘ಮುಂದಿನ ರೈಲು ಇಷ್ಟು ನಿಮಿಷದಲ್ಲಿ’ ಎಂದು ತೋರಿಸುವ ಗಡಿಯಾರಗಳು ಬಂದದ್ದು 2018ರ ಆರಂಭದ ಹೊತ್ತಿಗೆ, ಮೊದಲ ರೈಲು ಓಡಿ 113 ವರ್ಷಗಳಾದ ಮೇಲೆ.

2018ರ ಜನವರಿಯಲ್ಲಿ ಆಂಡಿ ಬೈಫರ್ಡ್ ಅಲ್ಲಿನ ಮುಖ್ಯಸ್ಥರಾದರು. ಮೊದಲು ಅವರು ಕೈಹಾಕಿದ್ದು ಸಣ್ಣ ಕೆಲಸಗಳಿಗೆ: ಟೈಮರ್‌ಗಳ ಪರೀಕ್ಷೆ, ಅನಗತ್ಯ ವೇಗಮಿತಿಗಳ ಸಡಿಲಿಕೆ, ನಿಲ್ದಾಣಗಳಲ್ಲಿ ಸೆಕೆಂಡುಗಳ ಉಳಿತಾಯ. 2019ರಲ್ಲಿ ಸಮಯಪಾಲನೆ ನೂರಕ್ಕೆ 80ನ್ನು ದಾಟಿತು. ದೊಡ್ಡ ಕೆಲಸವೆಂದರೆ ರೇಡಿಯೋ ಸಂಪರ್ಕದ ಸಿಗ್ನಲ್ ವ್ಯವಸ್ಥೆ. ಇದರಲ್ಲಿ ರೈಲು ತಾನೆಲ್ಲಿದ್ದೇನೆಂದು ಕ್ಷಣಕ್ಷಣವೂ ತಿಳಿಸುತ್ತದೆ. ಸಾವಿರ ಅಡಿಯ ಬ್ಲಾಕು ಖಾಲಿಯಾಗಲೆಂದು ಕಾಯಬೇಕಿಲ್ಲ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಲ್ಲಿ ಆರಂಭವಾದ ನಮ್ಮ ಮೆಟ್ರೋ ಹಳದಿ ಮಾರ್ಗಕ್ಕೆ ಮೊದಲ ದಿನದಿಂದಲೇ ಇಂಥ ವ್ಯವಸ್ಥೆ ಇದೆ. ಹೊಸ ಮಾರ್ಗಕ್ಕೆ ಅಳವಡಿಸುವುದು ಸುಲಭ. ಓಡುತ್ತಿರುವ ಹಳೆಯ ಮಾರ್ಗಕ್ಕೆ ಅಳವಡಿಸುವುದೆಂದರೆ ಸೈಕಲ್ ತುಳಿಯುತ್ತಲೇ ಅದರ ಚೈನು ಬದಲಿಸಿದಂತೆ. ನ್ಯೂಯಾರ್ಕಿನಲ್ಲಿ ‘ಎಲ್’ ಮಾರ್ಗದ ನಂತರ ‘7’ನೇ ಮಾರ್ಗದಲ್ಲಿ ಅದು ಪೂರ್ಣಗೊಳ್ಳಲು 2018ರವರೆಗೆ ಕಾಯಬೇಕಾಯಿತು.

ಅಲ್ಲಿನ ರೈಲುಗಳು ರಾತ್ರಿಯಿಡೀ ಓಡುವುದು ಇದಕ್ಕೊಂದು ಮುಖ್ಯ ಕಾರಣ. ಮುಂಬಯಿಯಲ್ಲಿರುವ ನಮ್ಮ ಕನ್ನಡಿಗರಿಗೆ ಭಾನುವಾರದ ‘ಮೆಗಾ ಬ್ಲಾಕ್’ ಚೆನ್ನಾಗಿ ಗೊತ್ತು. 1925ರಿಂದ 1,500 ವೋಲ್ಟ್ ನೇರ ಪ್ರವಾಹದಲ್ಲಿ ಓಡುತ್ತಿದ್ದ ಅಲ್ಲಿನ ಲೋಕಲ್ ರೈಲುಗಳನ್ನು 25,000 ವೋಲ್ಟ್ ಪರ್ಯಾಯ ಪ್ರವಾಹಕ್ಕೆ ಬದಲಿಸುವ ಕೆಲಸ 2016ರಲ್ಲಿ ಮುಗಿಯಿತು. ಅದು ನಡೆದದ್ದು ಇಂಥ ಬಿಡುವುಗಳಲ್ಲಿ ಮತ್ತು ಕೊನೆಯ ಲೋಕಲ್ ಹೋದ ಮೇಲಿನ ಕೆಲವೇ ಗಂಟೆಗಳಲ್ಲಿ. ನ್ಯೂಯಾರ್ಕಿನಲ್ಲಿ ಆ ರಾತ್ರಿಯ ಗಂಟೆಗಳೂ ಇಲ್ಲ. ಅಲ್ಲಿ ಯೋಜನೆಯಂತೆ ಪ್ರತಿ ರಾತ್ರಿ ಸೇವೆ ನಿಂತದ್ದು ಕೊರೋನಾ ಕಾಲದಲ್ಲಿ ಮಾತ್ರ, 2020ರ ಮೇ 6ರಿಂದ 2021ರ ಮೇ 17ರವರೆಗೆ.

ಉಳಿದದ್ದು ಹಣದ ಪ್ರಶ್ನೆ. 2025ರ ಜನವರಿ 5ರಂದು ಮ್ಯಾನ್‌ಹಟನ್ನಿನ ದಟ್ಟ ಭಾಗಕ್ಕೆ ಬರುವ ಕಾರುಗಳ ಮೇಲೆ, ಹಗಲು ಹೊತ್ತಿನಲ್ಲಿ 9 ಡಾಲರ್ ಶುಲ್ಕ ಜಾರಿಗೆ ಬಂತು. ಅದರ ವರಮಾನದ ಆಧಾರದ ಮೇಲೆ 1,500 ಕೋಟಿ ಡಾಲರ್ ಬಂಡವಾಳ ಎತ್ತಿ, ಸಿಗ್ನಲ್‌ಗಳನ್ನೂ ಬೋಗಿಗಳನ್ನೂ ಬದಲಿಸುವುದು ಉದ್ದೇಶ. ಬ್ರೂಕ್ಲಿನ್ನಿನ ಫುಲ್ಟನ್ ಬೀದಿಯ ಕೆಳಗೆ ಹಾಯುವ ‘ಎ’ ಮತ್ತು ‘ಸಿ’ ಮಾರ್ಗಗಳ ಸಿಗ್ನಲ್‌ಗಳು ಆ ಪಟ್ಟಿಯಲ್ಲಿವೆ. 2017ರ ಜೂನ್‌ನಲ್ಲಿ ಹಾರ್ಲೆಮ್ ಬಳಿ ಹಳಿ ತಪ್ಪಿದ್ದು ಆ ‘ಎ’ ಮಾರ್ಗದ ರೈಲೇ.